ನೂರ ನಲವತ್ತನಾಲ್ಕನೆಯ ಆವರ್ತ

ತಾಳವಾದ್ಯದವರ ಕೆಲಸ ಬಾರಿಸುವುದು ಎಂದು ಸಭಿಕರು ತಿಳಿದಿರುತ್ತಾರೆ. ತಿಳಿದುಕೊಳ್ಳಲಿ ಬಿಡಿ. ಆ ಜನರ ಆಯುಷ್ಯದ ಮುಕ್ಕಾಲು ಪಾಲು ಕಾಯುವುದರಲ್ಲೇ ಸವೆಯುತ್ತದೆ. ಮುಂದಿನ ಸಾಲಿನಲ್ಲಿ ಪಿಟೀಲಿನವರು ತೋಳು ಬಿದ್ದುಹೋಗುವಂತೆ ಕಮಾನು ಎಳೆಯುತ್ತಿರುವಾಗ, ವೇದಿಕೆಯ ಕೊನೆಯ ಮೆಟ್ಟಿಲ ಮೇಲೆ, ಆಳೆತ್ತರದ ದೊಡ್ಡ ಡ್ರಮ್ಮಿನ ಪಕ್ಕ ಸ್ಟೂಲಿನಲ್ಲಿ ಕುಳಿತವರು ಅರವತ್ತೋ ಎಂಬತ್ತೋ ಆವರ್ತ ಸುಮ್ಮನೆ ಎಣಿಸಬೇಕು, ಎದ್ದು ಒಂದು ಪೆಟ್ಟು ಕೊಡಬೇಕು, ಮತ್ತೆ ಕೂರಬೇಕು. ಕೂತು ಉಣ್ಣುವ ಕೆಲಸ ಎಂದು ಕೊಳಲಿನವರು ಹಂಗಿಸುವುದುಂಟು. ಅವರೊಮ್ಮೆ ಎಣಿಸಿ ನೋಡಲಿ, ಆಗ ಗೊತ್ತಾಗುತ್ತದೆ.

ಎಣಿಸುವುದಕ್ಕೂ ಒಂದು ಕ್ರಮವಿದೆ. ನಾಲ್ಕು ಎಣಿಕೆಗೆ ಒಂದು ಆವರ್ತ. ಒಂದು ಎರಡು ಮೂರು ನಾಲ್ಕು. ಮುಂದಿನದಕ್ಕೆ ಎರಡು ಎರಡು ಮೂರು ನಾಲ್ಕು. ಆಮೇಲೆ ಮೂರು ಎರಡು ಮೂರು ನಾಲ್ಕು. ಹೀಗೆ ಮೊದಲ ಅಂಕಿ ಮಾತ್ರ ಬೆಳೆಯುತ್ತ ಹೋಗುತ್ತದೆ. ನಡುವೆ ಯಾರಾದರೂ ಕೆಮ್ಮಿದರು, ಸೊಳ್ಳೆ ಕಡಿಯಿತು, ಒಲೆ ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಬಂತು ಎಂದರೆ ಮುಗಿಯಿತು ಕತೆ. ತಪ್ಪಿದ ಎಣಿಕೆಯನ್ನು ಪಕ್ಕದವರನ್ನು ಕೇಳುವಂತೆಯೂ ಇಲ್ಲ. ಅವರೂ ಎಣಿಸುತ್ತಿರುತ್ತಾರೆ.

ಗಿಲಕಿಗೆ ಈ ಎಣಿಕೆಯೇ ಕೈಗೆ ಹತ್ತಿರಲಿಲ್ಲ. ಅವಳ ಹೆಸರು ಬೇರೆ, ಆದರೆ ಆ ವಾದ್ಯವೃಂದದಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಮೂರು ವರ್ಷದ ಮಗುವಾಗಿ ಅಪ್ಪನ ಹಿಂದೆ ಅಭ್ಯಾಸಕ್ಕೆ ಬಂದು ಗಲಾಟೆ ಮಾಡಿದಾಗ ಯಾರೋ ಕೈಗೊಂದು ಗಿಲಕಿ ಕೊಟ್ಟು ಕೂರಿಸಿದ್ದರು. ಈಗ ವಯಸ್ಸು ಮೂವತ್ತಾರು, ಆದರೂ ಗಿಲಕಿಯೇ. ಕೈ ಚೆನ್ನಾಗಿತ್ತು, ಕಿವಿ ಅಪ್ಪನಿಗಿಂತ ಚುರುಕಾಗಿತ್ತು. ಕ್ಸೈಲೋಫೋನಿನ ಮರದ ಪಟ್ಟಿಗಳ ಮೇಲೆ ಅವಳ ಕೋಲುಗಳು ಓಡುವುದನ್ನು ನೋಡಲೆಂದೇ ಬರುವವರಿದ್ದರು. ಆದರೆ ಐವತ್ತು ಆವರ್ತ ದಾಟಿದರೆ ಅಂಕಿಗಳು ಕೈಯಿಂದ ಜಾರಿದ ಸಾಬೂನಿನಂತೆ ಎಲ್ಲೋ ಹೋಗಿಬಿಡುತ್ತಿದ್ದವು. ಆದ್ದರಿಂದ ದೊಡ್ಡ ಡ್ರಮ್ ಅಪ್ಪನದು, ಉಳಿದ ಚಿಲ್ಲರೆ ಸಾಮಾನು ಅವಳದು ಎಂದು ಮೊದಲಿನಿಂದಲೂ ಹಂಚಿಕೆಯಾಗಿತ್ತು.

ಅಪ್ಪ ಎಣಿಸುವ ರೀತಿ ಅಪ್ಪನಿಗೇ ಸೇರಿದ್ದು. ದೊಡ್ಡ ಡ್ರಮ್ ಬಹಳ ಬಾಯಿಬಡುಕ ವಾದ್ಯ. ಹತ್ತಿರದಲ್ಲಿ ಯಾರಾದರೂ ತಗ್ಗು ಸ್ವರ ಎಳೆದರೆ ಸಾಕು, ಕೇಳದಿದ್ದರೂ ತಾನೂ ಗುಂಯ್ ಎನ್ನತೊಡಗುತ್ತದೆ. ಅದಕ್ಕೇ ಬಿಡುವಿನಲ್ಲಿ ಅದರ ಚರ್ಮದ ಮೇಲೆ ಎಡ ಅಂಗೈ ಇಟ್ಟುಕೊಂಡೇ ಕೂರಬೇಕು. ಕೈ ಇಟ್ಟಿರುವಷ್ಟು ಹೊತ್ತು ಅದರ ಬಾಯಿ ಕಟ್ಟಿದಂತೆ. ಆಗ ಎಷ್ಟು ಜೋರಾಗಿ ಹೊಡೆದರೂ ಒದ್ದೆ ಚೀಲಕ್ಕೆ ಗುದ್ದಿದಂತೆ ದಪ್ಪೆನ್ನುತ್ತದೆ ಅಷ್ಟೆ. ಪೆಟ್ಟಿಗೆ ಮುಂಚೆ ಕೈ ಎತ್ತಬೇಕು. ಹಾಗೆ ಇಟ್ಟುಕೊಂಡ ಅಂಗೈಯ ನಡುಬೆರಳಿನಿಂದ ಅಪ್ಪ ಆವರ್ತಕ್ಕೊಮ್ಮೆ ಚರ್ಮವನ್ನು ಮೆಲ್ಲಗೆ ಮುಟ್ಟುತ್ತಿದ್ದರು, ಹತ್ತಕ್ಕೊಮ್ಮೆ ಉಗುರಿನಿಂದ ಸಣ್ಣಗೆ ಗೀರುತ್ತಿದ್ದರು. ಯಾರಿಗೂ ಕೇಳಿಸದ ಗೀರು. ಗಿಲಕಿಗೆ ಮಾತ್ರ ಹೇಳಿಕೊಟ್ಟಿದ್ದರು. ಅವಳಿಗದು ಬರಲಿಲ್ಲ.

ಈ ವಾದ್ಯವೃಂದದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಬೇರೆ ಕಡೆ ಎಣಿಕೆ ಸರಿಯಿದ್ದರೆ ವಾದಕ ತಾನೇ ಬಾರಿಸಬಹುದು. ವೇದಿಕೆಯ ಮುಂದೆ ನಿಂತು ಕೈಯಾಡಿಸಿ ಎಲ್ಲರನ್ನೂ ನುಡಿಸುವ ಇಲ್ಲಿನ ನಿರ್ದೇಶಕರಿಗೆ ಅದಾಗದು. ಅವರು ಹೊಸದಾಗಿ ಬಂದ ವರ್ಷ, ಅಪ್ಪ ರಜೆಯಲ್ಲಿದ್ದಾಗ ಬದಲಿಗೆ ಬಂದ ಯಾರೋ ಒಬ್ಬ ಎರಡು ಆವರ್ತ ಮೊದಲೇ ದೊಡ್ಡ ಡ್ರಮ್ಮಿಗೆ ಬಾರಿಸಿ ಇಡೀ ಸಭೆಯನ್ನು ಬೆಚ್ಚಿಬೀಳಿಸಿದ್ದನಂತೆ. ಅಂದಿನಿಂದ, ಎಣಿಕೆ ನಿಮ್ಮದು, ಅಪ್ಪಣೆ ನನ್ನದು ಎಂದು ಹೇಳಿಬಿಟ್ಟಿದ್ದರು. ಅವರ ಎಡಗೈ ತನ್ನ ಕಡೆ ಬಾರದೆ ದೊಡ್ಡ ಡ್ರಮ್ಮನ್ನು ಯಾರೂ ಹೊಡೆಯಕೂಡದು. ಅಪ್ಪ ಇಪ್ಪತ್ತೆರಡು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದರು.

ಅಪ್ಪ ತೀರಿಕೊಂಡದ್ದು ವೇದಿಕೆಯ ಮೇಲೆಯೇ. ಆ ದಿನ ನುಡಿಸುತ್ತಿದ್ದುದು ಒಂದು ನಿಧಾನಗತಿಯ ದೀರ್ಘ ಕೃತಿ. ಅದರಲ್ಲಿ ದೊಡ್ಡ ಡ್ರಮ್ಮಿಗೆ ನೂರ ನಲವತ್ತಮೂರು ಆವರ್ತ ಬಿಡುವು, ನೂರ ನಲವತ್ತನಾಲ್ಕನೆಯದರ ಮೊದಲಿಗೆ ಒಂದೇ ಒಂದು ಪೆಟ್ಟು. ಅಷ್ಟೇ ಅದರ ಪಾಲು. ಗಿಲಕಿಗೆ ಆ ಕೃತಿಯಲ್ಲಿ ಕೆಲಸವೇ ಇರಲಿಲ್ಲವಾದ್ದರಿಂದ ಹೊರಗಿನ ಪಡಸಾಲೆಯಲ್ಲಿ ಕಂಚಿನ ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಪೆಟ್ಟು ಬೀಳಲಿಲ್ಲ. ಬಾಗಿಲಾಚೆಯಿಂದಲೇ ಅವಳಿಗದು ಗೊತ್ತಾಗಿ ತಾಳವನ್ನು ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಬಂದಳು. ಕೃತಿ ಮುಗಿಯಿತು, ಚಪ್ಪಾಳೆ ಬಿತ್ತು, ವಾದಕರೆಲ್ಲ ಎದ್ದು ನಿಂತರು. ಅಪ್ಪ ಮಾತ್ರ ಅಂಗೈಯನ್ನು ಚರ್ಮದ ಮೇಲಿಟ್ಟುಕೊಂಡು ಕುಳಿತೇ ಇದ್ದರು.

ಪಾಪ, ಎಣಿಸುತ್ತಿರುವಾಗಲೇ ಹೋಗಿಬಿಟ್ಟರು, ಇಲ್ಲದಿದ್ದರೆ ಅವರು ಪೆಟ್ಟು ತಪ್ಪಿಸುವವರಲ್ಲ ಎಂದು ಎಲ್ಲರೂ ಆಡಿಕೊಂಡರು. ಸಂತಾಪ ಸಭೆಯಲ್ಲಿ ನಿರ್ದೇಶಕರೂ ಎದ್ದು ನಿಂತು, ಮೂವತ್ತೈದು ವರ್ಷದ ಸೇವೆಯಲ್ಲಿ ಅವರು ತಪ್ಪಿದ್ದು ಒಂದೇ ಪೆಟ್ಟು ಎಂದರು. ಹೊಗಳಿದ್ದೇ ಇರಬೇಕು. ಆದರೆ ಗಿಲಕಿಯ ಅಮ್ಮನಿಗೆ ಆ ಮಾತು ಮುಳ್ಳಿನಂತೆ ಚುಚ್ಚಿತು. ಸತ್ತವರ ಲೆಕ್ಕದಲ್ಲೂ ತಪ್ಪು ಹಿಡಿಯುತ್ತಾರಲ್ಲ ಎಂದು ಎಷ್ಟೋ ದಿನ ಗೊಣಗಿದಳು. ಆ ಕೃತಿಯನ್ನು ನಿರ್ದೇಶಕರು ಮತ್ತೆ ಎತ್ತಲಿಲ್ಲ.

ಮೂರು ವಾರ ಕಳೆದ ಮೇಲೆ ದೊಡ್ಡ ಡ್ರಮ್ ಗಿಲಕಿಯ ಪಾಲಿಗೆ ಬಂತು. ಬೇರೆ ಯಾರೂ ಅದರ ಹತ್ತಿರ ಕೂರಲು ಒಪ್ಪಲಿಲ್ಲ, ಅದು ನಿಜವಾದ ಕಾರಣ. ಅವಳು ಅಪ್ಪನ ಸ್ಟೂಲಿನಲ್ಲಿ ಕುಳಿತು ಎಡ ಅಂಗೈಯನ್ನು ಚರ್ಮದ ಮೇಲಿಟ್ಟಳು. ಆ ಬೆಳಿಗ್ಗೆ ಅವಳ ಪಾಲಿಗೆ ಎಪ್ಪತ್ತೆರಡು ಆವರ್ತದ ಬಿಡುವಿತ್ತು. ಒಂದು ಎರಡು ಮೂರು ನಾಲ್ಕು ಎಂದು ಮನಸ್ಸಿನಲ್ಲಿ ಶುರುಮಾಡಿದ್ದಳಷ್ಟೆ, ಅಂಗೈಯ ಕೆಳಗೆ, ಚರ್ಮದ ಆ ಬದಿಯಿಂದ, ಏನೋ ಮೆಲ್ಲಗೆ ಮುಟ್ಟಿತು.

ಮೊದಲು ತಗ್ಗು ಸ್ವರದ ದೊಡ್ಡ ಬ್ಯಾಸ್ ಪಿಟೀಲುಗಳ ಕಂಪನವಿರಬೇಕು ಎಂದುಕೊಂಡಳು. ಎರಡನೆಯ ಆವರ್ತಕ್ಕೆ ಮತ್ತೊಮ್ಮೆ ಮುಟ್ಟಿತು. ಮೂರನೆಯದಕ್ಕೂ. ಕಂಪನ ಇಡೀ ಚರ್ಮಕ್ಕೆ ಹರಡುತ್ತದೆ. ಇದು ಒಂದು ಬೆರಳ ತುದಿಯಷ್ಟೇ ಜಾಗ, ಸರಿಯಾಗಿ ಅವಳ ನಡುಬೆರಳ ಬುಡದಲ್ಲಿ. ಹತ್ತನೆಯ ಆವರ್ತಕ್ಕೆ ಅದೇ ಜಾಗದಲ್ಲಿ ಉಗುರು ಗೀರಿತು. ಗಿಲಕಿಗೆ ಕೈ ಕಿತ್ತುಕೊಳ್ಳಬೇಕು ಎನ್ನಿಸಿತು, ಕಿತ್ತುಕೊಳ್ಳಲಿಲ್ಲ. ಏಳು ಗೀರು, ಎರಡು ಸ್ಪರ್ಶ; ನಿರ್ದೇಶಕರ ಎಡಗೈ ಅವಳತ್ತ ಬಂತು; ಕೈ ಎತ್ತಿ ಬಾರಿಸಿದಳು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಗಿಲಕಿಗೂ ಎಣಿಸಲು ಬಂತಲ್ಲ ಎಂದು ಕೊಳಲಿನವನೊಬ್ಬ ನಕ್ಕ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚಿ ಎಂದಾರು ಎಂಬ ಭಯ ಸ್ವಲ್ಪ. ಹೇಳಿದರೆ ನಿಂತುಹೋದೀತು ಎಂಬ ಭಯ ಬಹಳ. ಅಭ್ಯಾಸವಿದ್ದ ದಿನ ಎಲ್ಲರಿಗಿಂತ ಮೊದಲು ಬಂದು, ಕೋಟು ಬಿಚ್ಚುವ ಮೊದಲೇ ಚರ್ಮದ ಮೇಲೆ ಅಂಗೈ ಇಡುತ್ತಿದ್ದಳು. ಒಂದು ಕ್ಷಣ ಏನೂ ಇರುವುದಿಲ್ಲ. ಆಮೇಲೆ, ಒಳಗಿನಿಂದ ಬಾಗಿಲ ಹತ್ತಿರ ಯಾರೋ ಬಂದು ನಿಂತಂತೆ, ಚರ್ಮ ತುಸು ಬಿಗಿಯುತ್ತಿತ್ತು. ಆಮೇಲೆ ಒಂದು. ಅಷ್ಟು ಸಾಕಿತ್ತು ಅವಳಿಗೆ. ಬಂದೆ ಕಣಪ್ಪ ಎಂದು ಮನಸ್ಸಿನಲ್ಲೇ ಹೇಳಿ ಕೈ ತೆಗೆಯುತ್ತಿದ್ದಳು. ಅಪ್ಪ ತನಗಾಗಿ ಎಣಿಸುತ್ತಿದ್ದಾರೆ, ಮಗಳ ಕೈಬಿಡಲಿಲ್ಲ ಎಂಬ ಸುಖದಲ್ಲಿ ಆರು ತಿಂಗಳು ಕಳೆದವು. ತನ್ನ ಬಿಡುವು ಮುಗಿದ ಕೂಡಲೇ ಕೈ ಎತ್ತಿಬಿಡುತ್ತಿದ್ದುದರಿಂದ, ಎತ್ತದಿದ್ದರೆ ಆ ಎಣಿಕೆ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡುವ ಯೋಚನೆ ಅವಳಿಗೆ ಬಂದಿರಲೇ ಇಲ್ಲ.

ಏಳನೆಯ ತಿಂಗಳಲ್ಲಿ ಕಿವಿ ಕೇಳದವರ ಸಂಘದಿಂದ ಹನ್ನೆರಡು ಜನ ತಾಳವಾದ್ಯಗಳನ್ನು ನೋಡಲು ಬಂದರು. ಇಂಥವರಿಗೆ ವಾದ್ಯ ಪರಿಚಯ ಮಾಡಿಸುವುದು ಮೊದಲು ಅಪ್ಪನ ಕೆಲಸವಾಗಿತ್ತು. ಈಗ ಅದೂ ಅವಳ ತಲೆಗೆ ಬಂತು. ವಾದ್ಯಗಳ ಉಗ್ರಾಣ ಸಭಾಂಗಣದ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಬಿಳಿ ಬಟ್ಟೆ ಹೊದ್ದು ನಿಂತ ನೂರಾರು ವಾದ್ಯಗಳು. ಬೆಳಿಗ್ಗೆ ಹತ್ತು ಗಂಟೆಗೂ ದೀಪ ಹಾಕದೆ ಕಾಲಿಡುವಂತಿಲ್ಲ. ಬಟ್ಟೆಯ ಅಡಿಯಲ್ಲಿ ಯಾವುದು ಕುಳಿತಿದೆ, ಯಾವುದು ನಿಂತಿದೆ ಎಂದು ಅಂದಾಜು ಮಾಡುತ್ತ ನಡೆಯಬೇಕು.

ಬಂದವರಲ್ಲಿ ಒಬ್ಬಾಕೆ ಹೊಲಿಗೆಯಾಕೆ, ಐವತ್ತರ ಆಸುಪಾಸು, ಹುಟ್ಟಿನಿಂದ ಕಿವಿ ಕೇಳದು. ಅವಳ ತಂಗಿ ಜೊತೆಗೆ ಬಂದಿದ್ದಳು. ಗಿಲಕಿ ಬಾಯಲ್ಲಿ ಹೇಳಿದ್ದನ್ನು ಈ ತಂಗಿ ಕೈಸನ್ನೆಗೆ ತಿರುಗಿಸಿ ಎಲ್ಲರಿಗೂ ತೋರಿಸುತ್ತಿದ್ದಳು. ಗಿಲಕಿ ಅಪ್ಪನ ಮಾತುಗಳನ್ನೇ ಹೇಳಿದಳು. ಇಲ್ಲಿರುವುದೆಲ್ಲ ಎರಡೇ ಮನೆತನ. ಒಂದು ಚರ್ಮವಾದ್ಯ: ಬಾಯಿಗೆ ತೊಗಲು ಬಿಗಿದುಕೊಂಡವು. ಅದರಲ್ಲಿ ಒಂದು ಮುಖದವು, ಎರಡು ಮುಖದವು, ಹಂಡೆಯ ಹಾಗೆ ತಳ ದುಂಡಗಿರುವವು. ಇನ್ನೊಂದು ಘನವಾದ್ಯ: ತೊಗಲಿಲ್ಲ, ತಂತಿಯಿಲ್ಲ, ಮೈಯೇ ನುಡಿಯುತ್ತದೆ. ತಾಳ, ಗಂಟೆ, ಉಕ್ಕಿನ ತ್ರಿಕೋನ, ಮರದ ಪಟ್ಟಿಗಳ ಕ್ಸೈಲೋಫೋನ್. ಎಲ್ಲವನ್ನೂ ಹೊಡೆಯಲೇಬೇಕೆಂದಿಲ್ಲ, ಕೆಲವನ್ನು ಅಲ್ಲಾಡಿಸಬೇಕು, ಕೆಲವನ್ನು ಉಜ್ಜಬೇಕು, ಕೆಲವನ್ನು ಒಂದಕ್ಕೊಂದು ತಾಗಿಸಬೇಕು. ಸ್ವರ ಹಿಡಿಯಬಲ್ಲವು ಬೇರೆ, ಬರೀ ಸದ್ದು ಮಾಡುವವು ಬೇರೆ. ಹಂಡೆ ಡ್ರಮ್ಮಿಗೆ ಸ್ವರವುಂಟು, ದೊಡ್ಡ ಡ್ರಮ್ಮಿಗಿಲ್ಲ. ಅದಕ್ಕೆ ಹಾಡಲು ಬಾರದು ಪಾಪ, ಕರೆಯಲು ಮಾತ್ರ ಬರುತ್ತದೆ ಎನ್ನುತ್ತಿದ್ದರು ಅಪ್ಪ.

ಹೇಳಿದ್ದಕ್ಕಿಂತ ಮುಟ್ಟಿದ್ದು ಹೆಚ್ಚು. ನುಡಿಯುತ್ತಿರುವ ತಾಳವನ್ನು ಗಲ್ಲದ ಹತ್ತಿರ ಹಿಡಿದರೆ ಹಲ್ಲುಗಳೊಳಗೆ ಜೇನು ಹಾರಾಡಿದಂತಾಗುತ್ತದೆಂದು ಒಬ್ಬ ಮುದುಕ ಖುಷಿಪಟ್ಟ. ಕ್ಸೈಲೋಫೋನಿನ ಪಟ್ಟಿಗಳ ಕೆಳಗೆ ತೂಗುವ ಕೊಳವೆಗಳ ಬಾಯಿಗೆ ಬೆರಳಿಟ್ಟು ಎಲ್ಲರೂ ನಕ್ಕರು. ಹೊಲಿಗೆಯಾಕೆ ಮಾತ್ರ ಮೊದಲೇ ದೊಡ್ಡ ಡ್ರಮ್ಮಿನ ಹತ್ತಿರ ಹೋಗಿ, ಬಟ್ಟೆ ಸರಿಸಿ, ಎರಡೂ ಅಂಗೈಗಳನ್ನು ಚರ್ಮಕ್ಕೊತ್ತಿ ನಿಂತುಬಿಟ್ಟಿದ್ದಳು. ಅರ್ಧ ಗಂಟೆಯಾದರೂ ಅಲ್ಲಿಂದ ಕದಲಲಿಲ್ಲ. ಗಿಲಕಿ ಉಳಿದವರಿಗೆ ವಾದ್ಯ ತೋರಿಸುತ್ತಲೇ ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು.

ಕೊನೆಗೆ ಹೊಲಿಗೆಯಾಕೆಯೇ ತಿರುಗಿ ತಂಗಿಯ ಕಡೆ ಕೈಸನ್ನೆ ಮಾಡಿದಳು. ತಂಗಿ ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ಕೇಳಿ, ಗಿಲಕಿಯ ಹತ್ತಿರ ಬಂದಳು.

"ತಪ್ಪು ತಿಳ್ಕೋಬೇಡಿ," ಎಂದಳು. "ಅಕ್ಕ ಕೇಳ್ತಿದ್ದಾಳೆ, ಒಳಗಡೆ ಯಾರಿದ್ದಾರೆ ಅಂತ."

ಹೊಲಿಗೆಯಾಕೆ ಗಿಲಕಿಯ ಮುಂದೋಳು ಹಿಡಿದುಕೊಂಡು, ತೋಳಿನ ಒಳಬದಿಯ ಮೇಲೆ ನಡುಬೆರಳಿನಿಂದ ಒಂದೊಂದಾಗಿ ಮುಟ್ಟಿ ತೋರಿಸಿದಳು. ಒಂಬತ್ತು ಸಲ ಮುಟ್ಟಿ, ಹತ್ತನೆಯದಕ್ಕೆ ಉಗುರಿನಿಂದ ಗೀರಿದಳು. ಆಮೇಲೆ ತಂಗಿಗೆ ಬಹಳ ಹೊತ್ತು ಸನ್ನೆಯಲ್ಲಿ ಹೇಳಿದಳು. ತಂಗಿ ಹೇಳಿದ್ದಿಷ್ಟು. ಹೀಗೆ ಹದಿನಾಲ್ಕು ಗೀರು ಆಗುತ್ತವೆ. ಆಮೇಲೆ ಮೂರು ಸ್ಪರ್ಶ. ಆಮೇಲೆ ತೊಗಲು ಬಿಗಿಯುತ್ತದೆ, ಉಸಿರು ಎಳೆದುಕೊಂಡ ಹಾಗೆ. ಏನೋ ಆಗಬೇಕು. ಆಗುವುದಿಲ್ಲ. ತೊಗಲು ಸಡಿಲವಾಗುತ್ತದೆ, ಮತ್ತೆ ಒಂದರಿಂದ ಶುರು. ತಾನು ನಿಂತಿದ್ದಾಗ ಹೀಗೆ ಎರಡು ಸಲ ಆಯಿತು. ಹೊಲಿಗೆಯಾಕೆ ಕೊನೆಗೊಂದು ಸನ್ನೆ ಮಾಡಿದಳು, ತಂಗಿ ಅದನ್ನು ಹೇಳಲು ಹಿಂಜರಿದಳು.

"ತುಂಬಾ ಸುಸ್ತಾಗಿದ್ದಾರೆ ಅಂತಾಳೆ."

ನೂರ ನಲವತ್ತಮೂರು. ಗಿಲಕಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ ತನಗಾಗಿ ಎಣಿಸುತ್ತಿರಲಿಲ್ಲ. ಅಪ್ಪ ಆ ದಿನದ ಬಿಡುವನ್ನೇ ಇನ್ನೂ ಎಣಿಸುತ್ತಿದ್ದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ದೆವ್ವ ಗಿವ್ವ ನಂಬುವವಳಲ್ಲ. ಗಂಡ ಬದುಕಿದ್ದಾಗ ಊಟದ ತಟ್ಟೆಯ ಅಂಚಿನ ಮೇಲೂ ಎಣಿಸುತ್ತ ಕೂರುತ್ತಿದ್ದ ಮನುಷ್ಯ, ಒಂದು ಮಾತು ಆಡಿದರೆ ಎರಡು ಆವರ್ತ ಬಿಟ್ಟು ಉತ್ತರ ಕೊಡುತ್ತಿದ್ದ ಎಂದು ಊರಿಗೆಲ್ಲ ಹೇಳಿ ನಗುತ್ತಿದ್ದವಳು. ಮಗಳ ಮಾತು ಕೇಳಿ, ನಿನಗೆ ನಿದ್ದೆ ಸಾಲದು ಎಂದಳು. ಆದರೂ ಮರುದಿನ ಬೆಳಿಗ್ಗೆ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಉಗ್ರಾಣದಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಂಗೈಯನ್ನು ಚರ್ಮದ ಮೇಲಿಟ್ಟಳು. ಗಿಲಕಿ ದೂರದಲ್ಲಿ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮೊದಲು ಆ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ತುಟಿಗಳು ಅಲ್ಲಾಡತೊಡಗಿದವು; ಅಮ್ಮನೂ ಎಣಿಸುತ್ತಿದ್ದಳು. ಆ ಕೋಣೆಯಲ್ಲಿ ದೀಪದ ಜಿರ್ರೆನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹತ್ತು ನಿಮಿಷವಾಗಿರಬೇಕು. ಅಮ್ಮ ಇದ್ದಕ್ಕಿದ್ದಂತೆ ತಲೆ ಎತ್ತಿ ಉಸಿರು ಬಿಗಿಹಿಡಿದಳು, ಯಾರೋ ಏನೋ ಹೇಳಲು ಹೊರಟಾಗ ಕೇಳುವವರು ಹಿಡಿಯುವ ಹಾಗೆ. ಆಮೇಲೆ ಅವಳ ಭುಜಗಳು ಕುಸಿದವು.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದಳು.

"ಆರು ತಿಂಗಳಿಂದ."

"ಆರು ತಿಂಗಳಿಂದ ಅವರನ್ನ ಹೀಗೆ ನಿಲ್ಲಿಸಿಟ್ಟಿದ್ದೀಯಾ?"

ಗಿಲಕಿ ಅತ್ತಳು. ನನಗೆ ಗೊತ್ತಾಗಲಿಲ್ಲ ಎಂದಳು. ಅದು ಅರ್ಧ ಮಾತ್ರ ನಿಜ. ಗೊತ್ತಾದ ಮೇಲೂ, ನಿನ್ನೆ ರಾತ್ರಿಯಿಡೀ ಅವಳ ಮನಸ್ಸಿನಲ್ಲಿದ್ದ ಯೋಚನೆ ಒಂದೇ: ಅಪ್ಪ ಅಲ್ಲಿದ್ದಾರೆ, ಇರಲಿ. ಹೇಗಿದ್ದರೇನು, ಇರಲಿ. ಇದನ್ನೂ ಅಮ್ಮನಿಗೆ ಹೇಳಿದಳು. ಅಮ್ಮ ಬಯ್ಯಲಿಲ್ಲ. ನಿರ್ದೇಶಕರ ಕೈ ಬಾರದೆ ಅವರು ಹೊಡೆಯುವವರಲ್ಲ, ಆ ಮನುಷ್ಯ ಆ ಕೃತಿ ಎತ್ತದೆ ಕೈ ಬರುವುದಿಲ್ಲ, ಹೋಗಿ ಕೇಳು ಎಂದಳು.

ನಿರ್ದೇಶಕರ ಕೋಣೆ ಮೇಲಿನ ಮಹಡಿಯಲ್ಲಿ. ಗಿಲಕಿ ಹೋಗಿ, ಮುಂದಿನ ಭಾನುವಾರದ ಬೆಳಗಿನ ಕಛೇರಿಗೆ ಆ ಕೃತಿಯನ್ನು ಹಾಕಿಕೊಳ್ಳಬೇಕೆಂದು ಕೇಳಿದಳು. ಅವರು ಮುಖ ಸಿಂಡರಿಸಿ, ಬೇಡ, ಅದು ಅಪಶಕುನ, ವಾದಕರು ಒಪ್ಪುವುದಿಲ್ಲ, ಅಭ್ಯಾಸಕ್ಕೆ ಹೊತ್ತಿಲ್ಲ ಎಂದು ಒಂದರ ಹಿಂದೊಂದು ನೆಪ ತೆಗೆದರು. ಅವಳು ಕದಲಲಿಲ್ಲ. ಕೊನೆಗೆ, ಅಪ್ಪ ಇನ್ನೂ ನಿಮ್ಮ ಕೈ ಕಾಯುತ್ತಿದ್ದಾರೆ ಎಂದುಬಿಟ್ಟಳು. ಹುಚ್ಚಿ ಎನ್ನುತ್ತಾರೆ, ಅನ್ನಲಿ ಎಂದುಕೊಂಡಿದ್ದಳು. ಅವರು ಅನ್ನಲಿಲ್ಲ. ಅವರ ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತು.

"ನಿನಗೆ ಯಾರು ಹೇಳಿದ್ರು?" ಎಂದರು.

"ಏನನ್ನ?"

ಅವರು ಕುರ್ಚಿಯಲ್ಲಿ ಕುಸಿದು ಕುಳಿತರು. ಆಮೇಲೆ ಹೇಳಿದರು. ಆ ದಿನ ಅವರು ಸ್ವರಲಿಪಿಯ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದ್ದರು. ಎಲ್ಲಿದ್ದೇನೆಂದು ಗೊತ್ತಾಗದೆ, ಬಲಗೈಯಲ್ಲಿ ತಾಳ ಹಾಕುತ್ತ, ಎಡಗೈಯಲ್ಲಿ ಹಾಳೆ ಹುಡುಕುತ್ತಿದ್ದರು. ಸಿಕ್ಕಿ ತಲೆ ಎತ್ತುವ ಹೊತ್ತಿಗೆ ಪೆಟ್ಟಿನ ಜಾಗ ದಾಟಿ ಮೂರು ಆವರ್ತ ಆಗಿಹೋಗಿತ್ತು.

"ನಿಮ್ಮಪ್ಪ ಎದ್ದು ನಿಂತಿದ್ರು," ಎಂದರು. "ಕೋಲು ಎತ್ತಿ ಹಿಡ್ಕೊಂಡು ನನ್ನನ್ನೇ ನೋಡ್ತಿದ್ರು. ಎಣಿಕೆ ತಪ್ಪಿರಲಿಲ್ಲ ಅವರದು. ನಾನು ಕೈ ತೋರಿಸಲಿಲ್ಲ. ಆಮೇಲೆ ಮೆಲ್ಲಗೆ ಕೂತ್ಕೊಂಡ್ರು."

ವಾದಕರೆಲ್ಲ ಅವರಿಗೆ ಮುಖ ಮಾಡಿ ಕೂರುತ್ತಾರೆ. ಆ ಕೃತಿಯಲ್ಲಿ ಬೇರೆ ತಾಳವಾದ್ಯವಿರಲಿಲ್ಲ; ಕೊನೆಯ ಮೆಟ್ಟಿಲಲ್ಲಿ ಒಬ್ಬನೇ ನಿಂತವನನ್ನು ಸಭಿಕರು ಕಂಡರೂ, ಅದರ ಅರ್ಥ ತಿಳಿಯುವುದು ನಿರ್ದೇಶಕನೊಬ್ಬನಿಗೇ. ಎಲ್ಲರೂ ಸತ್ತವನೇ ತಪ್ಪಿದ ಎಂದಾಗ, ಸತ್ತವರಿಗೆ ಏನು ನಷ್ಟ ಎಂದು ಅವರು ಬಾಯಿಗೆ ಬೀಗ ಹಾಕಿಕೊಂಡರು. ಗಿಲಕಿಗೆ ಆ ಮೇಜಿನ ಮೇಲಿದ್ದುದನ್ನೆಲ್ಲ ಅವರ ಮುಖಕ್ಕೆ ಎಸೆಯಬೇಕು ಎನ್ನಿಸಿತು. ಆದರೆ ಏನು ಮಾಡುವುದು, ಬೇಕಾದದ್ದು ಆ ಕೈಯೇ. ಬೇರೆ ಯಾರ ಕೈಗೂ ಅಪ್ಪ ಕಾಯುತ್ತಿರಲಿಲ್ಲ. ಎಲ್ಲರ ಮುಂದೆ ಈ ಮಾತು ಹೇಳಿ, ಆಮೇಲೆ ಕೃತಿ ನುಡಿಸೋಣ ಎಂದಳು. ಅವರು ಒಪ್ಪಿದರು. ಮರುದಿನದ ಅಭ್ಯಾಸದಲ್ಲಿ ಎಪ್ಪತ್ತು ವಾದಕರ ಎದುರು ನಿಂತು, ತಲೆ ತಗ್ಗಿಸಿ ಹೇಳಿದರು. ಆ ಕೃತಿಯನ್ನು ಅಭ್ಯಾಸ ಮಾಡಿದಾಗ ದೊಡ್ಡ ಡ್ರಮ್ಮಿಗೆ ಬಟ್ಟೆ ಹೊದಿಸಿಯೇ ಇಟ್ಟರು, ಅಪ್ಪನ ಪೆಟ್ಟು ಅಭ್ಯಾಸದಲ್ಲೇ ಬಿದ್ದುಹೋಗಬಾರದು, ಸಭೆಯ ಮುಂದೆಯೇ ಬೀಳಬೇಕು ಎಂದು ಗಿಲಕಿಯೇ ಹಾಗೆ ಕೇಳಿಕೊಂಡಿದ್ದಳು.

ಭಾನುವಾರ ಹನ್ನೊಂದು ಗಂಟೆಗೆ ಸಭಾಂಗಣ ತುಂಬಿತ್ತು. ಅಮ್ಮ ಮೂರನೆಯ ಸಾಲಿನಲ್ಲಿದ್ದಳು. ಗಿಲಕಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯನ್ನು ಚರ್ಮದ ಮೇಲಿಟ್ಟಳು. ಕೃತಿ ಶುರುವಾಯಿತು. ಒಂದು.

ಅಷ್ಟು ಸ್ಪಷ್ಟವಾಗಿ ಅದು ಎಂದೂ ಮುಟ್ಟಿರಲಿಲ್ಲ. ಸುಸ್ತಾಗಿದ್ದವರಿಗೆ ದಾರಿ ಗುರುತು ಸಿಕ್ಕಂತೆ, ಪ್ರತಿ ಸ್ಪರ್ಶವೂ ಹಿಂದಿನದಕ್ಕಿಂತ ಗಟ್ಟಿಯಾಗುತ್ತ ಬಂತು. ಅಪ್ಪನಿಗೆ ಕೇಳಿಸುತ್ತಿತ್ತು, ಇದೇ ಆ ಕೃತಿ ಎಂದು ತಿಳಿದಿತ್ತು. ಐದು ಗೀರು, ಏಳು ಗೀರು, ಹತ್ತು ಗೀರು. ನೂರು ದಾಟಿದ ಮೇಲೆ ಚರ್ಮ ಬೆಚ್ಚಗಾಯಿತು. ಡ್ರಮ್ಮಿನ ಚರ್ಮ ಬೆಚ್ಚಗಾಗುವುದಿಲ್ಲ, ಅವಳಿಗದು ಗೊತ್ತು. ಹದಿನಾಲ್ಕನೆಯ ಗೀರಿಗೆ ಅವಳು ಎದ್ದು ನಿಂತು ಕೋಲನ್ನು ಭುಜದವರೆಗೆ ಎತ್ತಿದಳು. ಪಕ್ಕದಲ್ಲಿ, ತುಸು ಹಿಂದೆ, ಇನ್ನೊಬ್ಬರು ಎದ್ದರು ಎನ್ನಿಸಿತು. ತಿರುಗಿ ನೋಡಲಿಲ್ಲ.

ಒಂದು ಸ್ಪರ್ಶ. ಎರಡು. ಮೂರು. ಚರ್ಮ ಉಸಿರೆಳೆದುಕೊಂಡಿತು.

ನಿರ್ದೇಶಕರ ಎಡಗೈ ಮೇಲೆದ್ದಿತು. ಅವರು ನೋಡುತ್ತಿದ್ದುದು ಅವಳನ್ನಲ್ಲ. ಅವಳ ತಲೆಗಿಂತ ಒಂದು ಗೇಣು ಮೇಲೆ, ಎತ್ತರದ ಒಬ್ಬ ಮನುಷ್ಯನ ಕಣ್ಣುಗಳಿರಬಹುದಾದ ಜಾಗವನ್ನು.

ಗಿಲಕಿಯ ಅಂಗೈ ಏಳಲಿಲ್ಲ. ಎತ್ತದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪೆಟ್ಟು ನುಡಿಯುವುದಿಲ್ಲ. ಅಪ್ಪ ಮತ್ತೆ ಒಂದರಿಂದ ಶುರುಮಾಡುತ್ತಾರೆ. ನಾಳೆ ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಅಂಗೈ ಇಟ್ಟರೆ ಅವರು ಅಲ್ಲಿರುತ್ತಾರೆ. ನಾಡಿದ್ದೂ ಇರುತ್ತಾರೆ. ಹೋಗಬೇಡಪ್ಪ ಎಂದು ಅವಳ ಜೀವವೆಲ್ಲ ಕೂಗಿತು. ಅಂಗೈಯ ಕೆಳಗೆ, ಚರ್ಮದ ಆ ಬದಿಯಲ್ಲಿ, ಇನ್ನೊಂದು ಅಂಗೈ ಬಂದು ಸರಿಯಾಗಿ ಅವಳ ಅಂಗೈಗೆ ಒತ್ತಿಕೊಂಡಿತು. ತಳ್ಳಲಿಲ್ಲ. ಅಲ್ಲಿತ್ತು, ಅಷ್ಟೆ.

ಅವಳು ಕೈ ಎತ್ತಿದಳು.

ಡ್ರಮ್ ನುಡಿಯಿತು. ಕಿವಿಗೆ ಕೇಳುವುದಕ್ಕಿಂತ ಮೊದಲು ನೆಲದಿಂದ ಬಂದು ಎದೆಗೂಡಿನೊಳಗೆ ನಿಂತು, ಸಭಾಂಗಣದ ಕೊನೆಯ ಗೋಡೆಯವರೆಗೂ ಹರಡಿ, ನಿಧಾನವಾಗಿ ಆರಿತು. ಮುಂದಿನ ಸಾಲಿನ ಪಿಟೀಲಿನವರ ಬೆನ್ನುಗಳು ಒಮ್ಮೆಗೇ ನೆಟ್ಟಗಾದವು. ಗಿಲಕಿಯ ಬಲಗೈಯ ಕೋಲು ಇನ್ನೂ ಭುಜದ ಹತ್ತಿರವೇ ಇತ್ತು.

ಅವಳು ಅದನ್ನು ಮೆಲ್ಲಗೆ ಇಳಿಸಿದಳು. ಅಭ್ಯಾಸಬಲದಿಂದ ಎಡ ಅಂಗೈಯನ್ನು ಮತ್ತೆ ಚರ್ಮದ ಮೇಲಿಟ್ಟಳು. ತಣ್ಣಗಿನ ತೊಗಲು. ಕೃತಿ ಮುಗಿಯುವವರೆಗೂ ಇಟ್ಟುಕೊಂಡೇ ಇದ್ದಳು, ಚಪ್ಪಾಳೆ ಬಿದ್ದಾಗಲೂ ಇಟ್ಟುಕೊಂಡಿದ್ದಳು. ಏನೂ ಬರಲಿಲ್ಲ.

ಸಭಾಂಗಣ ಖಾಲಿಯಾದ ಮೇಲೆ ಮೆಟ್ಟಿಲಿಳಿದು ಬಂದಳು. ಅಮ್ಮ ಕುಳಿತಲ್ಲೇ ಕುಳಿತಿದ್ದಳು, ಮಡಿಲಲ್ಲಿ ಎರಡೂ ಕೈ. ಗಿಲಕಿ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ನಾನು ಹೊಡೀಲಿಲ್ಲ ಕಣಮ್ಮ," ಎಂದಳು ಗಿಲಕಿ.

"ಗೊತ್ತು," ಎಂದಳು ಅಮ್ಮ. "ನೀನು ಹೊಡೆದ್ರೆ ಒಂಚೂರು ಅವಸರ ಇರುತ್ತೆ. ಇದರಲ್ಲಿ ಇರಲಿಲ್ಲ."